ದಿಬ್ಬಣ ಎರಡೂ ಕಡೆಯಿಂದ ಹೊರಟಾಗ

ಅಂಗಳದ ಚಪ್ಪರದಿಂದ ಛತ್ರಕ್ಕೆ, ಛತ್ರದಿಂದ ರೆಸಾರ್ಟಿಗೆ, ಅಲ್ಲಿಂದ ಕಡಲ ದಂಡೆಗೆ: ಮದುವೆಯ ಜಾಗ ಆರಿಸುವವರಿಗೆ ಒಂದಿಷ್ಟು ಲೆಕ್ಕ, ಒಂದಿಷ್ಟು ಎಚ್ಚರ

ಅಣ್ಣನ ಮಗಳಿಗೆ ಮದುವೆ ಗೊತ್ತಾದ ಮೇಲೆ ಮನೆಮಂದಿಯೆಲ್ಲ ಮೊದಲು ಕೂತು ಮಾತಾಡಿದ್ದು ಜಾಗದ ವಿಚಾರ. ಹುಡುಗಿ ಫೋನು ತೆರೆದು ಒಂದೊಂದೇ ಚಿತ್ರ ತೋರಿಸಿದಳು. ಗೋಕರ್ಣದ ಹತ್ತಿರ ಕಡಲಿಗೆ ಮುಖಮಾಡಿದ ರೆಸಾರ್ಟು, ಸಕಲೇಶಪುರದ ಕಾಫಿ ತೋಟದೊಳಗಿನ ಬಂಗಲೆ, ಮೈಸೂರಿನ ಒಂದು ಅರಮನೆ. ಅಣ್ಣ ಬಾಡಿಗೆ ಎಷ್ಟೆಂದು ಕೇಳಿದ. ಅತ್ತಿಗೆ, ನಮ್ಮ ಅಡುಗೆ ಭಟ್ಟರನ್ನೇ ಕರೆದುಕೊಂಡು ಹೋಗಬಹುದೇ ಎಂದು ಕೇಳಿದರು. ಮೂಲೆಯ ಕುರ್ಚಿಯಲ್ಲಿದ್ದ ಅಮ್ಮ ಕನ್ನಡಕ ಏರಿಸಿ ಎಲ್ಲ ಚಿತ್ರಗಳನ್ನೂ ನೋಡಿ ಮುಗಿಸಿ, ‘ಎಲ್ಲಾ ಲಕ್ಷಣವಾಗಿದೆ ಕಣೆ. ಆದ್ರೆ ಅಲ್ಲಿ ನಮ್ಮೋರು ಅಂತ ಯಾರಿದ್ದಾರೆ? ಬೀಗರು ಬಂದ್ರೆ ಎದುರುಗೊಳ್ಳೋರು ಯಾರು?’ ಎಂದರು.

‘ಹೋಟೆಲಿನವರೇ ಎದುರುಗೊಳ್ತಾರೆ ಅಜ್ಜಿ. ವೆಲ್ಕಮ್ ಡ್ರಿಂಕ್ ಕೊಡ್ತಾರೆ’ ಎಂದಳು ಹುಡುಗಿ.

ಅಮ್ಮ ಮತ್ತೆ ಮಾತಾಡಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಹೆಣ್ಣಿನ ಊರೂ ಅಲ್ಲದ, ಗಂಡಿನ ಊರೂ ಅಲ್ಲದ ಮೂರನೆಯ ಊರಿಗೆ ಹೋಗಿ ಮದುವೆ ಮಾಡುವುದಕ್ಕೆ ನಾವು ಡೆಸ್ಟಿನೇಷನ್ ವೆಡ್ಡಿಂಗ್ ಎನ್ನುತ್ತೇವೆ. ಹಾಗೆ ನೋಡಿದರೆ ಗಂಡಿನ ಕಡೆಯವರಿಗೆ ಮದುವೆಯೆಂದರೆ ಹಿಂದಿನಿಂದಲೂ ಪ್ರಯಾಣವೇ. ಗಾಡಿ ಕಟ್ಟಿಕೊಂಡೋ, ಲಾರಿ ಹತ್ತಿಕೊಂಡೋ, ಬಸ್ಸು ಮಾಡಿಕೊಂಡೋ ದಿಬ್ಬಣ ಹೊರಡುತ್ತಿತ್ತು. ಹೆಣ್ಣಿನ ಕಡೆಯವರು ಊರಬಾಗಿಲಲ್ಲಿ ಓಲಗದೊಂದಿಗೆ ಕಾಯುತ್ತಿದ್ದರು. ಈಗ ಬದಲಾಗಿರುವುದು ಇಷ್ಟೇ: ದಿಬ್ಬಣ ಎರಡೂ ಕಡೆಯಿಂದ ಹೊರಡುತ್ತದೆ, ಕಾಯುವವರ ಜಾಗ ಖಾಲಿ. ಮದುವೆಗೆ ಜಾಗ ಹುಡುಕುವವರು ಮೊದಲು ಯೋಚಿಸಬೇಕಾದದ್ದು ಈ ಖಾಲಿ ಜಾಗದ ಬಗ್ಗೆ.

ಅಂಗಳದಿಂದ ಛತ್ರಕ್ಕೆ

ಎರಡು ತಲೆಮಾರಿನ ಹಿಂದೆ ‘ಮದುವೆ ಎಲ್ಲಿ?’ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಬಹುತೇಕ ಕಡೆ ಅದು ಹೆಣ್ಣಿನ ಮನೆಯ ಅಂಗಳ. ಬಿದಿರಿನ ಗಳು, ಅಡಿಕೆ ದಬ್ಬೆ, ತೆಂಗಿನ ಗರಿ. ನೆರೆಹೊರೆಯವರು ಸೇರಿ ಅರ್ಧ ದಿನದಲ್ಲಿ ಚಪ್ಪರ ಎಬ್ಬಿಸುತ್ತಿದ್ದರು. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ಹಂದರ. ಬೀಗರಿಗೆ ಬಿಡಾರ ಎದುರು ಮನೆಯ ಪಡಸಾಲೆಯಲ್ಲಿ, ಅಡುಗೆ ಹಿತ್ತಿಲ ಕೊಟ್ಟಿಗೆಯ ಪಕ್ಕದಲ್ಲಿ, ಪಾತ್ರೆ ಊರ ದೇವಸ್ಥಾನದ್ದು. ಒಂದು ಮನೆಯ ಮದುವೆಗೆ ಹತ್ತು ಮನೆ ಬಾಗಿಲು ತೆರೆಯುತ್ತಿತ್ತು.

ಪೇಟೆಗೆ ಬಂದವರಿಗೆ ಅಂಗಳವಿರಲಿಲ್ಲ. ಅವರಿಗೆ ಒದಗಿದ್ದು ಛತ್ರ. ಛತ್ರವೆಂದರೆ ಮೂಲದಲ್ಲಿ ದಾರಿಹೋಕರಿಗೂ ಯಾತ್ರಿಕರಿಗೂ ತಂಗಲೆಂದು ಪುಣ್ಯವಂತರು ಕಟ್ಟಿಸಿದ ಮನೆ. ಬೆಂಗಳೂರಿನ ರೈಲು ನಿಲ್ದಾಣದ ಎದುರು 1903ರಲ್ಲಿ ಆರಂಭವಾದ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಅಂಥದ್ದು. ದಾರಿಹೋಕರಿಗಾಗಿ ಹುಟ್ಟಿದ ಆ ಹೆಸರನ್ನು ನಗರದ ಬಾಡಿಗೆ ಮದುವೆಮನೆಗಳು ತಮ್ಮದಾಗಿಸಿಕೊಂಡವು. ಆಮೇಲೆ ಬಂದ ‘ಕಲ್ಯಾಣ ಮಂಟಪ’ದ ಹಿಂದೆಯೂ ಒಂದು ಕಥೆಯಿದೆ. ಹಂಪಿಯ ವಿಜಯ ವಿಠ್ಠಲ ದೇವಾಲಯದಲ್ಲಿ, ನಂದಿಬೆಟ್ಟದ ಬುಡದ ಭೋಗನಂದೀಶ್ವರದಲ್ಲಿ ಕಾಣುವ ಕಲ್ಯಾಣ ಮಂಟಪಗಳು ದೇವರ ಮದುವೆಗೆಂದು ಕಟ್ಟಿದವು. ಮನುಷ್ಯರು ಆ ಹೆಸರನ್ನು ದೇವರಿಂದ ಕಡ ಪಡೆದರು. ಕನ್ವೆನ್ಷನ್ ಹಾಲ್ ಎಂಬುದು ಈ ಸಾಲಿನ ಈಚಿನ ಕೂಸು.

ಛತ್ರದಲ್ಲಿ ಏನೇ ಕುಂದುಕೊರತೆ ಇದ್ದರೂ ಒಂದು ವಿಷಯ ಮಾತ್ರ ಅಂಗಳದ್ದೇ ಉಳಿದಿತ್ತು. ಹಿಂದಿನ ಸಂಜೆ ಬಾಗಿಲ ಕೀಲಿ ನಮ್ಮ ಕೈಗೆ ಬಂದರೆ ಮರುದಿನ ಮಧ್ಯಾಹ್ನದವರೆಗೆ ಮನೆ ನಮ್ಮದು. ಉಗ್ರಾಣದಲ್ಲಿ ಒಬ್ಬ ಸೋದರಮಾವ ಕೂತು ಬೆಲ್ಲ, ತುಪ್ಪ, ತೆಂಗಿನಕಾಯಿಯ ಲೆಕ್ಕ ನೋಡುತ್ತಿದ್ದ. ಬಾಗಿಲಲ್ಲಿ ಇಬ್ಬರು ಪನ್ನೀರು ಚಿಮುಕಿಸುತ್ತ, ಕಲ್ಲುಸಕ್ಕರೆಯ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಬಾಡಿಗೆಯ ಕಟ್ಟಡದಲ್ಲೂ ಆತಿಥ್ಯ ಮನೆಯವರದೇ ಆಗಿತ್ತು.

ಎಲೆಯ ಲೆಕ್ಕ, ಕೋಣೆಯ ಲೆಕ್ಕ

ಛತ್ರಕ್ಕೂ ರೆಸಾರ್ಟಿಗೂ ಇರುವ ದೊಡ್ಡ ವ್ಯತ್ಯಾಸ ಅಂದಚಂದದ್ದಲ್ಲ, ಲೆಕ್ಕದ್ದು. ಛತ್ರದ ಮದುವೆಯನ್ನು ಎಲೆಯಿಂದ ಎಣಿಸುತ್ತೇವೆ. ‘ಎಲೆಗೆ ಎಷ್ಟು?’ ಎಂದು ಅಡುಗೆಯವರನ್ನು ಕೇಳುತ್ತೇವೆ. ಹೊರಊರಿನ ಮದುವೆಯನ್ನು ಕೋಣೆಯಿಂದ ಎಣಿಸಬೇಕು. ಎಲೆ ಹಿಗ್ಗುತ್ತದೆ. ನೂರು ಜನ ಹೆಚ್ಚಿಗೆ ಬಂದರೆ ಭಟ್ಟರು ಸಾರಿಗೆ ನೀರು ಬೆರೆಸಿ, ಅನ್ನಕ್ಕೆ ಇನ್ನೊಂದು ಹಂಡೆ ಇಟ್ಟು, ಮತ್ತೊಂದು ಪಂಕ್ತಿ ಕೂರಿಸುತ್ತಾರೆ. ಕೋಣೆ ಹಿಗ್ಗುವುದಿಲ್ಲ. ಅರವತ್ತು ಕೋಣೆಯ ರೆಸಾರ್ಟಿನಲ್ಲಿ ಕೋಣೆಗಿಬ್ಬರಂತೆ 120 ಜನ. ಮಂಚದ ಪಕ್ಕ ಹಾಸಿಗೆ ಹಾಸಿ ಮೂವರನ್ನು ಮಲಗಿಸಿದರೆ 180. ಅಲ್ಲಿಗೆ ಪಟ್ಟಿ ಮುಗಿಯಿತು.

ಆದ್ದರಿಂದಲೇ ಜಾಗ ಆರಿಸುವುದೆಂದರೆ ನೆಂಟರನ್ನು ಆರಿಸುವುದು. ಎಂಟುನೂರು ಜನರ ಪಟ್ಟಿಯನ್ನು ನೂರೈವತ್ತಕ್ಕೆ ಇಳಿಸುವ ರಾತ್ರಿ ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ದೊಡ್ಡಪ್ಪನ ಮಕ್ಕಳನ್ನು ಕರೆದು ಅವರ ಸೊಸೆಯಂದಿರನ್ನು ಬಿಡುವುದು ಹೇಗೆ? ಅಪ್ಪನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರನ್ನು ಬಿಟ್ಟು ಮಗಳ ಕಚೇರಿಯ ಹುಡುಗರನ್ನು ಕರೆಯುವುದು ಸರಿಯೇ? ಇದರ ಹಿಂದೆ ಮುಯ್ಯಿಯ ಲೆಕ್ಕವೂ ಇದೆ. ಮುಯ್ಯಿ ಉಡುಗೊರೆಯೂ ಹೌದು, ಹಿಂದಿರುಗಿಸಬೇಕಾದ ಸಾಲವೂ ಹೌದು. ನಾವು ಹೋಗಿ ಅಕ್ಷತೆ ಹಾಕಿ ಬಂದ ಮನೆಗಳ ಋಣ ನಮ್ಮ ಮನೆಯ ಮದುವೆಯಲ್ಲಿ ತೀರಬೇಕು. ಕರೆಯದೇ ಬಿಟ್ಟರೆ ಆ ಸರಪಳಿ ಕಡಿಯುತ್ತದೆ.

ಹಾಗಾಗಿ ಹೊರಊರಿನಲ್ಲಿ ಧಾರೆ ಎರೆದವರು ಊರಿಗೆ ಮರಳಿ ಆರತಕ್ಷತೆ ಇಟ್ಟುಕೊಳ್ಳುತ್ತಾರೆ. ನಟಿ ದೀಪಿಕಾ ಪಡುಕೋಣೆ 2018ರ ನವೆಂಬರಿನಲ್ಲಿ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ ಕೊಂಕಣಿ ಸಂಪ್ರದಾಯದಂತೆ ಮದುವೆಯಾಗಿ, ಒಂದು ವಾರದಲ್ಲಿ ಬೆಂಗಳೂರಿನಲ್ಲಿ ಆರತಕ್ಷತೆ ಮಾಡಿಕೊಂಡರು. ಜಗತ್ತಿನ ಯಾವ ದಂಡೆಗೆ ಹೋದರೂ ತವರಿನ ನೆಂಟರ ಲೆಕ್ಕ ತಪ್ಪುವುದಿಲ್ಲ. ‘ಹೊರಗೆ ಮಾಡಿದರೆ ಜನ ಕಡಿಮೆ, ಖರ್ಚೂ ಕಡಿಮೆ’ ಎಂದು ಹೊರಡುವವರು ಈ ಎರಡನೆಯ ಊಟವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಅದನ್ನು ಸೇರಿಸಿದ ಮೇಲೂ ಉಳಿತಾಯ ಕಂಡರೆ ಮುಂದುವರಿಯಬಹುದು.

ಹರಕೆಯ ಹಳೆಯ ದಾರಿ

ಊರು ಬಿಟ್ಟು ಮದುವೆಯಾಗುವುದು ನಮಗೆ ಹೊಸತೂ ಅಲ್ಲ. ನಂಜನಗೂಡು, ಘಾಟಿ ಸುಬ್ರಹ್ಮಣ್ಯ, ಯಡಿಯೂರು, ತಿರುಪತಿ: ‘ಅಲ್ಲೇ ಮದುವೆ ಮಾಡ್ತೀವಿ’ ಎಂದು ಹರಕೆ ಹೊತ್ತವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ದೇವಸ್ಥಾನದ ಮದುವೆಗೆ ಒಂದು ದೊಡ್ಡ ಅನುಕೂಲವಿದೆ. ಅಲ್ಲಿ ಆತಿಥೇಯ ದೇವರೇ, ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಸರಿಸಮಾನ ಅತಿಥಿಗಳು. ‘ಯಾಕೆ ಕರೆಯಲಿಲ್ಲ?’ ಎಂದು ಯಾರೂ ಮುನಿಯುವುದಿಲ್ಲ. ‘ದೇವಸ್ಥಾನದಲ್ಲಿ ಸರಳವಾಗಿ ಮಾಡಿಬಿಟ್ವಿ’ ಎಂಬ ಒಂದು ಮಾತಿಗೆ ಎಲ್ಲರ ಮುನಿಸೂ ಇಳಿಯುತ್ತದೆ.

ತಿರುಮಲದ ಕಲ್ಯಾಣ ವೇದಿಕೆಯಲ್ಲಿ ಪುರೋಹಿತರು, ಮಂಗಳವಾದ್ಯ ಎಲ್ಲವನ್ನೂ ದೇವಸ್ಥಾನವೇ ಉಚಿತವಾಗಿ ಒದಗಿಸುತ್ತದೆ. ಧರ್ಮಸ್ಥಳದಲ್ಲಿ 1972ರಲ್ಲಿ ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಸಾಮೂಹಿಕ ವಿವಾಹದಲ್ಲಿ ಈವರೆಗೆ 12,000ಕ್ಕೂ ಹೆಚ್ಚು ಜೋಡಿಗಳು ಮದುವೆಯಾಗಿವೆ. ಗೋಧೂಳಿ ಲಗ್ನದಲ್ಲಿ ನಡೆಯುವ ಆ ಮದುವೆಗೆ ವರದಕ್ಷಿಣೆ ತೆಗೆದುಕೊಳ್ಳಬಾರದು ಎಂಬುದು ಕಟ್ಟುಪಾಡು. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಸರ್ಕಾರವೇ ‘ಸಪ್ತಪದಿ’ ಹೆಸರಿನ ಸಾಮೂಹಿಕ ವಿವಾಹ ಯೋಜನೆಯನ್ನು 2020ರಲ್ಲಿ ಪ್ರಕಟಿಸಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಧರ್ಮಸ್ಥಳದ ಮದುವೆಗೆ ಹೊರಟ ಅತ್ತೆಯಂದಿರ ದಂಡು ಈಗ ಟಿಕೆಟಿನ ಚಿಂತೆಯಿಲ್ಲದೆ ಬಸ್ಸು ಹತ್ತುತ್ತದೆ. ಹೊರಊರಿನ ಮದುವೆಯಲ್ಲಿ ಎಲ್ಲರೂ ಮರೆಯುವ ಖರ್ಚೆಂದರೆ ನೆಂಟರ ದಾರಿಖರ್ಚು. ಅದನ್ನು ಮನೆಯವರೇ ಹೊರುತ್ತಾರೋ, ಬರುವವರೇ ಹೊರಬೇಕೋ ಎಂಬುದು ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ತೀರ್ಮಾನವಾಗಬೇಕು.

ಈ ಹಳೆಯ ದಾರಿಯಲ್ಲೇ ಹೊಸದಾಗಿ ಹೆಸರಾಗಿರುವುದು ಉತ್ತರಾಖಂಡದ ತ್ರಿಯುಗಿನಾರಾಯಣ. ಶಿವಪಾರ್ವತಿಯರ ಮದುವೆ ನಡೆದದ್ದು ಅಲ್ಲೇ, ಅಂದು ಹೊತ್ತಿಸಿದ ಅಗ್ನಿ ಇಂದಿಗೂ ಆರಿಲ್ಲ ಎಂಬುದು ನಂಬಿಕೆ. ಸುಮಾರು 2,000 ಮೀಟರ್ ಎತ್ತರದ ಆ ಹಳ್ಳಿಗೆ ಕೇದಾರದ ದಾರಿಯಲ್ಲೇ ಹೋಗಬೇಕು. ಜೋಡಿ ಹೋಗಿ ಬರುವುದು ಸುಲಭ, ಮಂಡಿನೋವಿನ ಅಜ್ಜಿಯನ್ನು ಕರೆದೊಯ್ಯುವುದು ಕಷ್ಟ.

ಅರಮನೆ, ತೋಟ, ಕಡಲು

ಮೈಸೂರಿನಲ್ಲಿ ಅರಮನೆಯ ಮದುವೆ ಎಂದ ಕೂಡಲೇ ನೆನಪಾಗುವುದು ಲಲಿತ ಮಹಲ್. ಬಿಳಿಯ ಗುಮ್ಮಟದ ಆ ಕಟ್ಟಡದಲ್ಲಿ ರಾಜರು ವಾಸವಿರಲಿಲ್ಲ. ವೈಸರಾಯ್ ಬಂದರೆ ಉಳಿದುಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಇ. ಡಬ್ಲ್ಯು. ಫ್ರಿಚ್ಲಿ ಎಂಬ ವಾಸ್ತುಶಿಲ್ಪಿಯಿಂದ ಕಟ್ಟಿಸಿದ ಅತಿಥಿಗೃಹ ಅದು. ಬಂದವರನ್ನು ಉಪಚರಿಸಲೆಂದೇ ಹುಟ್ಟಿದ ಕಟ್ಟಡ, ಹಾಗಾಗಿ ಮದುವೆಗೆ ಹೊಂದುತ್ತದೆ. ಹಳೆಯ ಕಟ್ಟಡಗಳಲ್ಲಿ ವಿಚಾರಿಸಬೇಕಾದ ಸಂಗತಿ ಬೇರೆಯೇ ಇದೆ: ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮರದ ನೆಲದ ಮೇಲೆ ಹೋಮ ಮಾಡುವಂತಿಲ್ಲ, ಸಾಮಾನು ಹೊತ್ತ ಲಾರಿ ಬಾಗಿಲವರೆಗೆ ಬರುವಂತಿಲ್ಲ ಎಂಬಂಥ ನಿಬಂಧನೆಗಳು ಇರುತ್ತವೆ.

ಅರಮನೆ ಸಿಗದಿದ್ದರೆ ಅರಮನೆಯನ್ನೇ ಕಟ್ಟಿಸುವವರೂ ಇದ್ದಾರೆ. 2016ರ ನವೆಂಬರಿನಲ್ಲಿ, ನೋಟು ರದ್ದಾದ ಮರುವಾರವೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವರೊಬ್ಬರ ಮಗಳ ಮದುವೆಗೆ ಹಂಪಿಯ ದೇವಾಲಯವನ್ನೇ ಹೋಲುವ ಸೆಟ್ ಎದ್ದು ನಿಂತಿತು. ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತಿದ್ದ ನಾಡು ಅದನ್ನು ಟೀವಿಯಲ್ಲಿ ನೋಡಿತು. ನಿಜವಾದ ಹಂಪಿಯಲ್ಲಿ ಅಂಥದ್ದು ಸಾಧ್ಯವಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳೊಳಗೆ ಅನುಮತಿಯಿಲ್ಲದೆ ಸಮಾರಂಭ ನಡೆಸುವುದು, ಅಡುಗೆ ಮಾಡುವುದು ನಿಷಿದ್ಧ. ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅಲ್ಲಿ ಮದುವೆಯ ಹಕ್ಕಿರುವುದು ವಿರೂಪಾಕ್ಷನಿಗೆ. ವರ್ಷವರ್ಷವೂ ಪಂಪಾದೇವಿಯೊಂದಿಗೆ ಅವನಿಗೆ ಫಲಪೂಜೆ ಎಂಬ ನಿಶ್ಚಿತಾರ್ಥವಾಗುತ್ತದೆ, ಆಮೇಲೆ ಕಲ್ಯಾಣೋತ್ಸವ. ಹಂಪಿಯ ಬಂಡೆಗಳ ಹಿನ್ನೆಲೆ ಬೇಕೆನ್ನುವವರು ಹೊಸಪೇಟೆ ಸುತ್ತಲಿನ ರೆಸಾರ್ಟುಗಳನ್ನು ಹುಡುಕುತ್ತಾರೆ. ಏಪ್ರಿಲ್, ಮೇ ತಿಂಗಳ ಲಗ್ನವಾದರೆ ಬಳ್ಳಾರಿ ಸೀಮೆಯ ಬಿಸಿಲು ನೆನಪಿರಲಿ. ರೇಷ್ಮೆ ಸೀರೆ ಉಟ್ಟು ಹೋಮದ ಮುಂದೆ ಎರಡು ಗಂಟೆ ಕೂರಬೇಕಾದವಳು ಮದುಮಗಳು.

ಕಾಫಿ ತೋಟದ ಮದುವೆಗೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ ಬೇಡಿಕೆಯಿದೆ. ಕೊಡವರ ಮದುವೆಯೇ ನೋಡಲು ಬೇರೆ ಬಗೆಯದು. ಪುರೋಹಿತರಿಲ್ಲ, ಹಿರಿಯರು ಹರಸುತ್ತಾರೆ, ಬಾಳೆಯ ದಿಂಡು ಕಡಿಯುತ್ತಾರೆ, ಮದುಮಗಳು ನೀರು ಹೊತ್ತು ತರುವ ಶಾಸ್ತ್ರವಿದೆ. ಆದರೆ ಅವರಲ್ಲೂ ಈಗ ಹೆಚ್ಚಿನ ಮದುವೆಗಳು ಊರೂರಿನ ಕೊಡವ ಸಮಾಜಗಳ ಕಟ್ಟಡದಲ್ಲೇ ನಡೆಯುತ್ತವೆ. ತೋಟದ ನೆರಳಿಗೆ ಹಂಬಲಿಸುವವರು ಹೆಚ್ಚಾಗಿ ಪೇಟೆಯವರು. ಅವರು ಕೇಳಬೇಕಾದದ್ದು ಮಳೆಯ ಮಾತು. ಮುಂಗಾರು ಕರ್ನಾಟಕವನ್ನು ಮುಟ್ಟುವುದು ಜೂನ್ ಮೊದಲ ವಾರದಲ್ಲಾದರೂ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು, ಬಿರುಗಾಳಿಯೊಂದಿಗೆ ಬರುವ ಅಡ್ಡಮಳೆ ಯಾವ ಶಾಮಿಯಾನವನ್ನೂ ಲೆಕ್ಕಿಸುವುದಿಲ್ಲ. ವೈಶಾಖ, ಜ್ಯೇಷ್ಠದ ಲಗ್ನಗಳೆಲ್ಲ ಬೀಳುವುದು ಈ ಹೊತ್ತಿನಲ್ಲೇ. ಮೇಲೆ ಭದ್ರವಾದ ಸೂರಿರುವ ಇನ್ನೊಂದು ಜಾಗ ಅದೇ ಆವರಣದಲ್ಲಿ ಇದೆಯೇ ಎಂದು ನೋಡದೆ ಬಯಲಿನ ಮಂಟಪಕ್ಕೆ ಮುಂಗಡ ಕೊಡಬಾರದು. ಇದರಲ್ಲಿ ಇನ್ನೊಂದು ತಮಾಷೆಯಿದೆ. ರೆಸಾರ್ಟಿನವರು ದರ ಇಳಿಸುವುದು ಮಳೆಗಾಲದಲ್ಲಿ, ನಮ್ಮ ಪಂಚಾಂಗ ಬಾಗಿಲು ಹಾಕುವುದೂ ಆಷಾಢದಲ್ಲಿ. ಅಗ್ಗದ ದಿನಕ್ಕೆ ಮುಹೂರ್ತವಿಲ್ಲ, ಮುಹೂರ್ತದ ದಿನ ಅಗ್ಗವಿಲ್ಲ. ತುಳಸಿ ಹಬ್ಬ ಕಳೆದು ಧನುರ್ಮಾಸ ಹಿಡಿಯುವವರೆಗಿನ ನಾಲ್ಕೈದು ವಾರ, ಆಮೇಲೆ ಮಾಘ, ಫಾಲ್ಗುಣ: ಮಲೆನಾಡಿಗೂ ಕರಾವಳಿಗೂ ಹವೆ ಮತ್ತು ಪಂಚಾಂಗ ಎರಡೂ ಒಪ್ಪುವ ಕಾಲ ಇದು.

ಕಡಲ ದಂಡೆಯ ಚಿತ್ರ ಎಲ್ಲಕ್ಕಿಂತ ಚಂದ, ತೊಡಕೂ ಎಲ್ಲಕ್ಕಿಂತ ಹೆಚ್ಚು. ದಂಡೆ ರೆಸಾರ್ಟಿನ ಸ್ವತ್ತಲ್ಲ, ಸಾರ್ವಜನಿಕರದು. ಅದು ಕರಾವಳಿ ನಿಯಂತ್ರಣ ವಲಯಕ್ಕೆ ಸೇರಿದ್ದು. ಅಲ್ಲಿ ಮಂಟಪ ಕಟ್ಟಲು, ಧ್ವನಿವರ್ಧಕ ಹಾಕಲು ಅನುಮತಿ ಬೇಕು. ಹೊನ್ನಾವರದ ಸುತ್ತಿನ ಮರಳಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಝಗಮಗಿಸುವ ದೀಪ, ಅಬ್ಬರದ ಸದ್ದು ಅವಕ್ಕೆ ಕಂಟಕ. ಸಂಜೆಯ ಗಾಳಿಗೆ ಹೋಮದ ಕೆಂಡ ಹಾರುತ್ತದೆ, ಅಂತರಪಟ ಹಿಡಿದವರ ಕೈ ಸೋಲುತ್ತದೆ, ಪುರೋಹಿತರ ಮಂತ್ರ ಅಲೆಯ ಸದ್ದಿನಲ್ಲಿ ಮುಳುಗುತ್ತದೆ. ಉಬ್ಬರ ಇಳಿತದ ವೇಳೆಯನ್ನೂ ಮುಹೂರ್ತದ ಜೊತೆಗೆ ಹೊಂದಿಸಬೇಕು. ಇದೆಲ್ಲ ಕಂಡವರು ಶಾಸ್ತ್ರವನ್ನು ಒಳಗೆ ಮುಗಿಸಿ ದಂಡೆಯನ್ನು ಸಂಜೆಯ ಸಂತೋಷಕ್ಕೆ ಇಟ್ಟುಕೊಳ್ಳುತ್ತಾರೆ.

ನೀರಿನಡಿ, ಆಕಾಶದಲ್ಲಿ, ಮತ್ತೆ ಮನೆಯಲ್ಲಿ

ವಿಚಿತ್ರವೇ ಬೇಕೆನ್ನುವವರಿಗೂ ಕೊರತೆಯಿಲ್ಲ. 2021ರ ಫೆಬ್ರವರಿಯಲ್ಲಿ ಚೆನ್ನೈ ಬಳಿಯ ಕಡಲಿನಲ್ಲಿ ಜೋಡಿಯೊಂದು ಉಸಿರಾಟದ ಉಪಕರಣ ತೊಟ್ಟು ನೀರಿನಡಿಯಲ್ಲಿ ಹಾರ ಬದಲಾಯಿಸಿಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಮಧುರೆಯಿಂದ ಹಾರಿದ ಬಾಡಿಗೆ ವಿಮಾನದಲ್ಲಿ ತಾಳಿ ಕಟ್ಟಿಸಿದ ಮದುವೆಯೊಂದು ವಿಮಾನಯಾನ ಇಲಾಖೆಯ ತನಿಖೆಗೆ ಗುರಿಯಾಯಿತು. ಇಂಥವು ಸುದ್ದಿಯಾಗುತ್ತವೆ, ಆದರೆ ಎಷ್ಟು ಜನ ನೆಂಟರು ಅಲ್ಲಿ ನಿಂತು ಅಕ್ಷತೆ ಹಾಕಬಲ್ಲರು?

ಅದೇ ಕೋವಿಡ್ ಕಾಲ ಇನ್ನೊಂದನ್ನೂ ತೋರಿಸಿತು. 2020ರ ಬೇಸಿಗೆಯಲ್ಲಿ ಮದುವೆಗೆ 50 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಮರುವರ್ಷ ಕರ್ನಾಟಕದಲ್ಲಿ ಕೆಲಕಾಲ ಆ ಮಿತಿ ಮತ್ತೂ ಇಳಿದು, ಮನೆಯಲ್ಲೇ ಮಾಡಿಕೊಳ್ಳಿ ಎಂದಾಯಿತು. ದಶಕಗಳಿಂದ ಬಾಗಿಲಿಗೆ ಮಾವಿನ ತೋರಣವಷ್ಟೇ ಕಂಡಿದ್ದ ಮನೆಗಳಲ್ಲಿ ಮತ್ತೆ ಚಪ್ಪರ ಎದ್ದಿತು. ಜನ ಕಡಿಮೆಯಾದರೂ ಮದುವೆ ಮದುವೆಯೇ ಎಂಬುದು ಅಂದು ಅನುಭವಕ್ಕೆ ಬಂತು. ಇವತ್ತು ಚಿಕ್ಕ ಪಟ್ಟಿ ಹಿಡಿದು ದೂರದ ಊರು ಹುಡುಕುವ ಧೈರ್ಯ ಅನೇಕರಿಗೆ ಬಂದದ್ದು ಆಗಲೇ.

ಸರಳ ಮದುವೆಯ ದಾರಿಯನ್ನು ಕನ್ನಡಿಗರಿಗೆ ಬಹಳ ಮೊದಲೇ ತೋರಿಸಿದವರು ಕುವೆಂಪು. ಅವರ ‘ಮಂತ್ರ ಮಾಂಗಲ್ಯ’ಕ್ಕೆ ಮುಹೂರ್ತ ಬೇಡ, ಪುರೋಹಿತರು ಬೇಡ, ವಾದ್ಯ ಬೇಡ, ವರದಕ್ಷಿಣೆಯಂತೂ ಕೂಡದು. ವಧೂವರರಿಬ್ಬರೂ ಅರ್ಥ ತಿಳಿದು ಪ್ರತಿಜ್ಞೆ ಓದಬೇಕು, ಅಷ್ಟೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಇದೇ ಕ್ರಮದಲ್ಲಿ ಮದುವೆಯಾದರು. ಈ ಮದುವೆಯನ್ನು ಮನೆಯ ಹಜಾರದಲ್ಲಿ, ಶಾಲೆಯ ಆವರಣದಲ್ಲಿ, ಮರದ ಕೆಳಗೆ, ಎಲ್ಲಿ ಬೇಕಾದರೂ ಮಾಡಬಹುದು. ಜಾಗದ ಹಂಗನ್ನೇ ಕಳಚಿದ ಮದುವೆ ಅದು. ಆದರೂ ಕುಪ್ಪಳಿಗೇ ಹೋಗಿ ಮಂತ್ರ ಮಾಂಗಲ್ಯ ಮಾಡಿಕೊಳ್ಳುವ ಜೋಡಿಗಳಿವೆ. ಕವಿಯ ಊರು ಅವರಿಗೆ ಪರಊರಲ್ಲ. ಓದಿನ ಮೂಲಕ ತಮ್ಮದಾಗಿಸಿಕೊಂಡ ಊರು. ಜಾಗ ಆರಿಸುವಾಗ ಇದನ್ನೂ ಕೇಳಿಕೊಳ್ಳಬಹುದು: ಈ ಊರಿಗೂ ನಮಗೂ ಏನು ನಂಟು? ಅಜ್ಜನ ಮೂಲ ಊರೋ, ಕುಲದೇವರ ಕ್ಷೇತ್ರವೋ, ಇಬ್ಬರೂ ಓದಿದ ಊರೋ ಆದರೆ ಬಂದವರಿಗೆ ಹೇಳಲು ಒಂದು ಕಥೆಯಿರುತ್ತದೆ.

ಮುಂಗಡ ಕೊಡುವ ಮುನ್ನ

ಮನಸ್ಸಿಗೆ ಒಪ್ಪಿದ ಜಾಗ ಸಿಕ್ಕಿದ ಮೇಲೂ ಕೇಳಬೇಕಾದ ಪ್ರಶ್ನೆಗಳಿವೆ.

ಮೊದಲನೆಯದು ಅಗ್ನಿ. ಒಳಾಂಗಣದಲ್ಲಿ ಹೋಮಕ್ಕೆ ಒಪ್ಪುತ್ತಾರೆಯೇ, ಎಷ್ಟು ಹೊತ್ತಿಗೆ ಒಪ್ಪುತ್ತಾರೆ ಎಂದು ಬರೆಸಿಕೊಳ್ಳಿ. ನಮ್ಮ ನೆಂಟರೊಬ್ಬರ ಮದುವೆಯಲ್ಲಿ ಲಾಜಹೋಮದ ಹೊಗೆಗೆ ಚಾವಣಿಯ ಎಚ್ಚರಿಕೆ ಗಂಟೆ ಬಡಿದುಕೊಂಡು, ಗಟ್ಟಿಮೇಳಕ್ಕಿಂತ ಅದೇ ಜೋರಾಗಿತ್ತು. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ಮದುವೆಯೆಂದರೆ ಹಾಡು, ಕುಣಿತ, ಊಟ ಮಾತ್ರವಲ್ಲ, ಶಾಸ್ತ್ರವಿಲ್ಲದೆ ಬರೀ ನೋಂದಣಿಯಿಂದ ಹಿಂದೂ ವಿವಾಹ ಆಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ನೆನಪಿಸಿದೆ. ಆದ್ದರಿಂದ ಹೂವಿನ ಅಲಂಕಾರಕ್ಕಿಂತ ಮೊದಲು ಅಗ್ನಿಕುಂಡಕ್ಕೆ ಜಾಗ ನೋಡಬೇಕು.

ಎರಡನೆಯದು ಕಾಗದ. ಜಾತಿ, ಧರ್ಮ ಮೀರಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮೊದಲು ನೋಟಿಸ್ ಕೊಡಬೇಕು. ಅದೂ ಇಬ್ಬರಲ್ಲೊಬ್ಬರು ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯಲ್ಲೇ. ವಿವಾಹಾಧಿಕಾರಿ ಕಚೇರಿಯ ಹೊರಗೂ ಬಂದು ಮದುವೆ ನಡೆಸಿಕೊಡಬಹುದು, ಆದರೆ ಕಚೇರಿಯಿಂದ ಸಮಂಜಸವಾದಷ್ಟೇ ದೂರದಲ್ಲಿ. ಬೆಂಗಳೂರಿನ ಅಧಿಕಾರಿ ಗೋಕರ್ಣದ ದಂಡೆಗೆ ಬರಲಾರರು. ಅಂಥವರು ಕಾಗದದ ಮದುವೆಯನ್ನು ಊರಲ್ಲೇ ಮುಗಿಸಿ, ಸಂಭ್ರಮಕ್ಕೆ ಹೊರಡುವುದು ಜಾಣತನ. ಹಿಂದೂ ವಿವಾಹಗಳ ನೋಂದಣಿಗೆ ಕರ್ನಾಟಕದಲ್ಲಿ 2024ರಿಂದ ಕಾವೇರಿ ತಂತ್ರಾಂಶದ ಮೂಲಕ ಆನ್‌ಲೈನ್ ಅನುಕೂಲವಿದೆ.

ಮೂರನೆಯದು ಸದ್ದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮ ರೆಸಾರ್ಟಿಗೂ ಅನ್ವಯ. ಕಾಡಿನಂಚಿನ ಜಾಗಗಳಲ್ಲಿ ನಿರ್ಬಂಧ ಇನ್ನೂ ಬಿಗಿ. ಸಿನಿಮಾ ಹಾಡು ಹಾಕಲು ಲೈಸೆನ್ಸ್ ಹಣ ಕಟ್ಟಿ ಎಂದು ಕೆಲವೆಡೆ ಕೇಳುತ್ತಾರೆ. ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಂಭ್ರಮಗಳಲ್ಲಿ ಹಾಡು ಹಾಕುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ, ಅದಕ್ಕೆ ರಾಯಧನ ಕೇಳುವಂತಿಲ್ಲ ಎಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ಮದ್ಯ ಹಂಚುವುದಿದ್ದರೆ ಮಾತ್ರ ಅಬಕಾರಿ ಇಲಾಖೆಯ ಪರವಾನಗಿ ತಪ್ಪದು.

ನಾಲ್ಕನೆಯದು ಅಡುಗೆಮನೆ. ಹೊರಗಿನ ಅಡುಗೆಯವರನ್ನು ಬಿಡದ ಹೋಟೆಲುಗಳೇ ಹೆಚ್ಚು. ಬಿಡುವುದಾದರೂ ಅದಕ್ಕೊಂದು ದರ ಇಟ್ಟಿರುತ್ತಾರೆ. ಬಾಳೆಎಲೆ ಹಾಕಿ ನೆಲದ ಮೇಲೋ ಮೇಜಿನ ಮೇಲೋ ಪಂಕ್ತಿ ಬಡಿಸಲು ಆಗುತ್ತದೆಯೇ? ಮಡಿ ಅಡುಗೆ ಬೇಕಾದ ಹಿರಿಯರಿಗೆ ಬೇರೆ ಒಲೆ ಇದೆಯೇ? ಹೇಳಿದ ದರಕ್ಕೆ ತೆರಿಗೆ ಸೇರಿದೆಯೇ? ದುಬಾರಿ ಕೋಣೆಗಳ ಹೋಟೆಲಿನಲ್ಲಿ ಸಭಾಂಗಣ, ಊಟ ಎರಡಕ್ಕೂ ಶೇ 18ರ ಜಿಎಸ್‌ಟಿ ಬೀಳುತ್ತದೆ. ಹತ್ತು ಲಕ್ಷದ ಮಾತು ಬಿಲ್ಲಿನಲ್ಲಿ ಹನ್ನೊಂದು ಲಕ್ಷದ ಎಂಬತ್ತು ಸಾವಿರವಾಗುವುದು ಹೀಗೆ.

ಕೊನೆಯದು, ಮುರಿದುಬಿದ್ದರೆ ಏನು ಎಂಬುದು. ಮನೆಯಲ್ಲಿ ಸೂತಕ ಬಂದರೆ, ದಿನ ಮುಂದೆ ಹೋದರೆ, ಮುಂಗಡದಲ್ಲಿ ಎಷ್ಟು ಹಿಂದೆ ಬರುತ್ತದೆ? ಶುಭಕಾರ್ಯದ ಹೊತ್ತಿನಲ್ಲಿ ಇಂಥ ಮಾತು ಬೇಡವೆಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಕರಾರುಪತ್ರಕ್ಕೆ ಮಾತ್ರ ಶಕುನವಿಲ್ಲ. ಕೇಳಿ, ಬರೆಸಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಒಮ್ಮೆ ಕಣ್ಣಾರೆ ನೋಡಿಬನ್ನಿ. ಫೋನಿನ ಚಿತ್ರದಲ್ಲಿ ಮೆಟ್ಟಿಲು ಕಾಣುವುದಿಲ್ಲ. ಜೊತೆಗೆ ಮನೆಯ ಅತಿ ಹಿರಿಯರನ್ನು ಕರೆದೊಯ್ಯಿರಿ. ಅವರು ಕೋಣೆಯಿಂದ ಮಂಟಪಕ್ಕೆ, ಮಂಟಪದಿಂದ ಊಟದ ಮನೆಗೆ ತಾವಾಗಿ ನಡೆದು ಬರಬಲ್ಲರಾದರೆ ಉಳಿದವರೆಲ್ಲ ಬರಬಲ್ಲರು.

ಗೇಟಿನ ಬಳಿ

ಅಣ್ಣನ ಮಗಳ ಮದುವೆ ಕೊನೆಗೂ ಗೋಕರ್ಣದ ಬಳಿಯ ಆ ರೆಸಾರ್ಟಿನಲ್ಲೇ ಗೊತ್ತಾಯಿತು. ಪಟ್ಟಿ ನೂರನಲವತ್ತಕ್ಕೆ ನಿಂತಿತು. ಹೋಮಕ್ಕೆ ಹೆಂಚಿನ ಮಾಡಿನ ತೆರೆದ ಜಗಲಿ ಸಿಕ್ಕಿತು, ಭಟ್ಟರಿಗೆ ಹಿಂದುಗಡೆಯ ಅಂಗಳದಲ್ಲಿ ಒಲೆ ಹೂಡಲು ಒಪ್ಪಿಗೆ ಸಿಕ್ಕಿತು. ಅಮ್ಮ ಮಾತ್ರ ಒಂದೇ ಒಂದು ಷರತ್ತು ಹಾಕಿದರು: ಬೀಗರಿಗಿಂತ ಒಂದು ದಿನ ಮೊದಲು ತಾವು ಅಲ್ಲಿರಬೇಕು.

ಹತ್ತು ಜನ ಮೊದಲೇ ಹೋದೆವು. ಮರುದಿನ ಮಧ್ಯಾಹ್ನ ಗಂಡಿನ ಕಡೆಯ ಬಸ್ಸು ಗೇಟಿನ ಬಳಿ ನಿಂತಾಗ, ಸಮವಸ್ತ್ರ ತೊಟ್ಟ ಹುಡುಗನೊಬ್ಬ ಗಾಜಿನ ಲೋಟಗಳ ತಟ್ಟೆ ಹಿಡಿದು ಸಿದ್ಧನಾಗಿದ್ದ. ಅಮ್ಮ ಅವನ ಮುಂದೆ ಹೋಗಿ ನಿಂತರು. ಅವರ ಪಕ್ಕದಲ್ಲಿ ಅತ್ತಿಗೆ ಆರತಿ ತಟ್ಟೆ ಹಿಡಿದಿದ್ದರು, ನಾನು ತಾಮ್ರದ ಕೊಳಗದಲ್ಲಿ ಬೇಲದ ಪಾನಕ. ಕಾಲಿಗೆ ನೀರು ಕೊಟ್ಟು, ‘ಪ್ರಯಾಣ ಸುಖವಾಯ್ತೇ?’ ಎಂದು ಒಬ್ಬೊಬ್ಬರನ್ನೂ ಕೇಳುತ್ತ ಅಮ್ಮ ಬೀಗಿತ್ತಿಯ ಕೈ ಹಿಡಿದು ಒಳಗೆ ಕರೆದೊಯ್ದರು. ತಮ್ಮದೇ ಮನೆಯ ಪಡಸಾಲೆಗೆ ಕರೆದೊಯ್ಯುವ ಹಾಗೆ.

ಬಸ್ಸು ಖಾಲಿಯಾದ ಮೇಲೆ ಕೊಳಗದ ತಳದಲ್ಲಿ ಸ್ವಲ್ಪ ಪಾನಕ ಉಳಿದಿತ್ತು. ತಟ್ಟೆ ಹಿಡಿದು ಬದಿಗೆ ಸರಿದು ನಿಂತಿದ್ದ ಹುಡುಗನಿಗೆ ಒಂದು ಲೋಟ ತುಂಬಿಸಿ ಕೊಟ್ಟೆ. ಅವನು ಅತ್ತಿತ್ತ ನೋಡಿ, ಒಂದೇ ಗುಟುಕಿಗೆ ಕುಡಿದು, ‘ನಮ್ಮ ಮನೆ ಮದುವೇಲೂ ಇದನ್ನೇ ಮಾಡೂದು’ ಎಂದ.